ಸದ್ದು ಯಾವಾಗ ಬರುತ್ತದೆ?

"ಸದ್ದು ಹೇಗಿದೆ ಅನ್ನೋದನ್ನ ಆಮೇಲೆ ಹೇಳಿ ಮೇಡಂ. ಯಾವಾಗ ಬರುತ್ತೆ, ಅದನ್ನ ಮೊದಲು ಹೇಳಿ."

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜು. ಎದುರಿಗೆ ಬಾನೆಟ್ ಮುಚ್ಚಿಕೊಂಡೇ ನಿಂತಿರುವ ಹಳೆಯ ಡೀಸೆಲ್ ಕಾರು. ಕಾರಿನ ಒಡತಿ ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವರು. ಅವರ ಕೈಯಲ್ಲಿ ಬೇರೊಂದು ಕಡೆ ಮಾಡಿಸಿದ ಕೆಲಸದ ಬಿಲ್ಲುಗಳಿವೆ. ಮುಂದಿನ ಎರಡೂ ಲಿಂಕ್ ರಾಡ್ ಹೊಸದು, ಲೋವರ್ ಆರ್ಮ್ ಬುಷ್ ಹೊಸದು, ಎಡಗಡೆಯ ಶಾಕ್‌ಅಬ್ಸಾರ್ಬರ್ ಹೊಸದು. ಸದ್ದು ಮಾತ್ರ ಹಳೆಯದೇ.

"ಗಾಡಿ ನಿಂತಿದ್ದಾಗ ಬರುತ್ತೋ, ಓಡ್ತಿದ್ದಾಗ್ಲೋ?" ಮೆಕ್ಯಾನಿಕ್ ಕೇಳಿದರು. ಐವತ್ತು ದಾಟಿದ ವಯಸ್ಸು. ಗಾಡಿ ಮುಟ್ಟುವ ಮೊದಲು ಮಾತಾಡಿಸುವ ಅಭ್ಯಾಸ.

"ಎರಡರಲ್ಲೂ ಇದೆ ಅಣ್ಣ. ನಿಂತಿದ್ದಾಗ ಸದ್ದಿಗಿಂತ ನಡುಕ ಜಾಸ್ತಿ. ಸ್ಟೀರಿಂಗ್ ಹಿಡಿದ ಕೈ ಜುಮ್ ಅನ್ನುತ್ತೆ. ಎಸಿ ಹಾಕಿದ್ರೆ ಡ್ಯಾಶ್‌ಬೋರ್ಡ್ ಒಳಗೆ ಏನೋ ಕಟಕಟ ಅನ್ನುತ್ತೆ."

"ಸ್ವಲ್ಪ ರೇಸ್ ಕೊಟ್ರೆ?"

"ನಡುಕ ಹೋಗಿಬಿಡುತ್ತೆ."

"ಕೀ ಆಫ್ ಮಾಡಿದಾಗ?"

"ಇಡೀ ಗಾಡಿ ಒಂದು ಸಲ ಮೈ ಕೊಡವಿಕೊಂಡು ಸುಮ್ಮನಾಗುತ್ತೆ."

"ಓಡುವಾಗ?"

"ಫಸ್ಟಿನಿಂದ ಸೆಕೆಂಡಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಡಬ್ ಅನ್ನುತ್ತೆ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಅದೇ ಡಬ್. ಆಮೇಲೆ ಹಂಪ್ ಹಾರಿಸಿದಾಗ ಕೂಡ ಒಂದೊಂದು ಸಲ."

"ಅವರ ಹತ್ರ ಹೇಳುವಾಗ ಈ ಹಂಪ್ ವಿಷಯ ಮೊದಲು ಹೇಳಿದ್ರಾ?"

"ಹೌದು. ಅದೇ ಜೋರಾಗಿ ಕೇಳೋದು."

"ಹಂಪ್ ಅಂದ ತಕ್ಷಣ ಎಲ್ಲರ ಕೈಯೂ ಸಸ್ಪೆನ್ಷನ್ ಕಡೆಗೇ ಹೋಗುತ್ತೆ. ಆದರೆ ಲಿಂಕ್ ರಾಡ್ ಸವೆದರೆ ಗಾಡಿ ನಿಂತಿದ್ದಾಗ ಸ್ಟೀರಿಂಗ್ ಯಾಕೆ ನಡುಗಬೇಕು? ಅವರು ಆ ಪ್ರಶ್ನೆ ಕೇಳ್ಲಿಲ್ಲ."

ವಾಹನದ ಸದ್ದುಗಳ ವಿಷಯದಲ್ಲಿ ಹೆಚ್ಚಿನ ಹಣ ಪೋಲಾಗುವುದು ಇಲ್ಲೇ. ಸದ್ದು ಕೇಳಿಸುವ ಜಾಗದ ಬಿಡಿಭಾಗ ಬದಲಾಗುತ್ತದೆ, ಸದ್ದು ಹುಟ್ಟುವ ಜಾಗ ಹಾಗೆಯೇ ಉಳಿಯುತ್ತದೆ. ಕಾರಿನ ಮೈ ಪೂರ್ತಿ ತಗಡು. ಮುಂದೆ ಎಡಗಡೆ ಬಿದ್ದ ಪೆಟ್ಟು ತಗಡಿನ ಮೂಲಕ ಹರಿದು ಚಾಲಕನ ಕಾಲಬುಡದಲ್ಲಿ ಕೇಳಿಸಬಹುದು. ಕಿವಿ ಜಾಗದ ಬಗ್ಗೆ ತಪ್ಪು ಹೇಳಿದರೂ ಹೊತ್ತಿನ ಬಗ್ಗೆ ತಪ್ಪು ಹೇಳುವುದು ಕಡಿಮೆ. ಆದ್ದರಿಂದಲೇ ಅನುಭವಿಗಳು "ಎಲ್ಲಿ" ಎಂಬುದಕ್ಕಿಂತ "ಯಾವಾಗ" ಎಂಬುದನ್ನು ಹೆಚ್ಚು ನಂಬುತ್ತಾರೆ.

"ಕಾರಿನಲ್ಲಿ ತಿರುಗೋದು ಮುಖ್ಯವಾಗಿ ಎರಡು," ಎಂದರು ಮೆಕ್ಯಾನಿಕ್. "ಒಂದು ಎಂಜಿನ್, ಇನ್ನೊಂದು ಚಕ್ರ. ಸದ್ದು ಯಾವುದರ ಜೊತೆ ಹೆಚ್ಚುಕಮ್ಮಿ ಆಗುತ್ತೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು."

ಶಿಕ್ಷಕಿಗೆ ಇದು ತಮ್ಮ ಸೀಮೆಯ ಮಾತು. "ಹಾಗಾದ್ರೆ ಲೆಕ್ಕ ಹಾಕಬಹುದಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತೆ. ಐಡ್ಲಿಂಗಿನಲ್ಲಿ ನಿಮಿಷಕ್ಕೆ 800 ಸುತ್ತು ಅಂದ್ರೆ ಸೆಕೆಂಡಿಗೆ ಹದಿಮೂರು ಚಿಲ್ಲರೆ, ಅದರ ಎರಡು ಪಟ್ಟು ಸುಮಾರು 27. ಚಕ್ರದ ಸುತ್ತಳತೆ 1.8 ಮೀಟರ್ ಅಂತಿಟ್ಟುಕೊಂಡ್ರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 12 ಸಲ ತಿರುಗುತ್ತೆ. ಎರಡರ ನಡುಕವೂ ಬೇರೆ ಬೇರೆ ಥರ ಇರಲೇಬೇಕು."

"ಅದಕ್ಕೇ ಚಕ್ರದ ಬ್ಯಾಲೆನ್ಸ್ ಕೆಟ್ರೆ ಸ್ಟೀರಿಂಗ್ ನಿಧಾನಕ್ಕೆ ಅಲ್ಲಾಡೋದು, ಎಂಜಿನ್ ನಡುಕಕ್ಕೆ ಕೈ ಜುಮ್ ಅನ್ನೋದು. ಅಂಗೈ ಆ ವ್ಯತ್ಯಾಸ ಹೇಳುತ್ತೆ ಮೇಡಂ."

ಆಯನೂರು ಕಡೆಗೆ ಒಂದು ಸುತ್ತು ಹೋಗಿಬರುವುದೆಂದಾಯಿತು. ಸ್ಟೀರಿಂಗ್ ಶಿಕ್ಷಕಿಯ ಕೈಯಲ್ಲಿ, ಪಕ್ಕದಲ್ಲಿ ಮೆಕ್ಯಾನಿಕ್. ಎಸಿ ಬಂದ್, ರೇಡಿಯೋ ಬಂದ್, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಕೀಲಿಗೊಂಚಲು, ಚಿಲ್ಲರೆ, ಕನ್ನಡಕದ ಡಬ್ಬಿ ಎಲ್ಲ ಗ್ಯಾರೇಜಿನ ಮೇಜಿನ ಮೇಲೆ. ಹಿಂದೆ ಡಿಕ್ಕಿಯಲ್ಲಿ ಜಾಕಿ, ಸ್ಟೆಪ್ನಿ ಬಿಗಿಯಾಗಿವೆಯೇ ಎಂದು ಕೂಡ ಅವರು ನೋಡಿದರು. ಸಡಿಲಾದ ಜಾಕಿಯೊಂದು ಇಡೀ ಸಸ್ಪೆನ್ಷನ್ನಿನ ಮೇಲೆ ಅಪವಾದ ಹೊರಿಸಬಲ್ಲದು.

ರಸ್ತೆ ಖಾಲಿ ಇದ್ದ ಕಡೆ ಮೊದಲ ಸೂಚನೆ ಬಂತು: "60ಕ್ಕೆ ಹೋಗಿ, ನ್ಯೂಟ್ರಲ್ ಮಾಡಿ ಹಾಗೇ ಬಿಡಿ." ಗಾಡಿ ಉರುಳುತ್ತಾ ಹೋಯಿತು. ಟಯರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. "ಈಗ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಳೀರಿ." ಎಳೆದರು. ಸದ್ದು ಬದಲಾಗಲಿಲ್ಲ.

"ಇದು ಯಾಕೆ?"

"ವೀಲ್ ಬೇರಿಂಗ್ ಹೋಗಿದ್ರೆ ಗುಂಯ್ ಅಂತಿರುತ್ತೆ, ವೇಗದ ಜೊತೆ ಏರುತ್ತೆ. ಎಡಕ್ಕೆ ತಿರುಗಿಸಿದ್ರೆ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ. ಆಗ ಗುಂಯ್ ಜಾಸ್ತಿ ಆದ್ರೆ ಬಲಗಡೆ ಬೇರಿಂಗ್. ನಿಮ್ಮದರಲ್ಲಿ ಅದಿಲ್ಲ."

ಖಾಲಿ ಮೈದಾನವೊಂದರಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿಸಿದರು. ಟಕ್ ಟಕ್ ಟಕ್ ಎಂದು ಲಯಬದ್ಧವಾಗಿ ಕೇಳಿಸಿದ್ದರೆ ಆಕ್ಸಲ್ಲಿನ ಹೊರಗಿನ ಜಾಯಿಂಟ್ ಸವೆದಿದೆ ಎಂದರ್ಥ. ಕೇಳಿಸಲಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ನೆಗೆದಂತೆ ಕಟಕ್ ಎಂದಿದ್ದರೆ ಶಾಕ್‌ಅಬ್ಸಾರ್ಬರಿನ ಮೇಲ್ಗಡೆಯ ಬೇರಿಂಗನ್ನು ಸಂಶಯಿಸಬೇಕಿತ್ತು. ಅದೂ ಇಲ್ಲ. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್, ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್. ಇಲ್ಲಿ ಎರಡೂ ಅಲ್ಲ.

"ಈಗ ಸೆಕೆಂಡ್ ಗೇರಿನಲ್ಲಿ ಹೋಗಿ. ಆಕ್ಸಿಲರೇಟರ್ ಒತ್ತಿ. ಬಿಡಿ. ಒತ್ತಿ."

ಡಬ್. ಡಬ್. ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು. ಸದ್ದಿನ ಜೊತೆ ಗೇರ್ ಲಿವರ್ ಕೂಡ ಹಿಂದೆ ಮುಂದೆ ತೂಗಿತು. ಮೆಕ್ಯಾನಿಕ್ ಬೆರಳು ತೋರಿಸಿದ್ದು ಆ ಲಿವರ್ ಕಡೆಗೆ. "ಕಿವಿಗಿಂತ ಇದು ಚೆನ್ನಾಗಿ ಹೇಳ್ತಿದೆ, ನೋಡಿ. ಲಿವರ್ ಕೇಬಲ್ ಮೂಲಕ ಗೇರ್ ಬಾಕ್ಸಿಗೆ ಸೇರಿದೆ. ಗೇರ್ ಬಾಕ್ಸ್ ಎಂಜಿನ್ನಿಗೆ ಸೇರಿದೆ. ಲಿವರ್ ಇಷ್ಟು ತೂಗುತ್ತೆ ಅಂದ್ರೆ ಒಳಗೆ ಎಂಜಿನ್ನೇ ತೂಗ್ತಿದೆ."

ಎಂಜಿನ್ ತೂಗಬಾರದು ಎಂದಲ್ಲ. ಅಳತೆ ಮೀರಿ ತೂಗಬಾರದು. ಎಂಜಿನ್ ಮೌಂಟಿಂಗ್ ಎಂಬ ರಬ್ಬರಿನ ದಿಂಡಿನ ಮೇಲೆ ಮೂರು ಹೊಣೆಗಳಿವೆ. ಎಂಜಿನ್ನಿನ ಭಾರ ಹೊರಬೇಕು. ಅದರ ನಡುಕ ತಗಡಿಗೆ ದಾಟದಂತೆ ತಡೆಯಬೇಕು. ಎಂಜಿನ್ ಬಲ ಹಾಕಿದಾಗ ಅದು ತಿರುಚಿಕೊಳ್ಳದಂತೆ ಹಿಡಿಯಬೇಕು. ನಡುಕ ತಡೆಯಲು ರಬ್ಬರ್ ಮೆತ್ತಗಿರಬೇಕು, ಹಿಡಿತಕ್ಕೆ ಗಟ್ಟಿಯಾಗಿರಬೇಕು. ಈ ಜಗಳವನ್ನು ಬಗೆಹರಿಸುವುದಕ್ಕೇ ಮೌಂಟಿಂಗ್ ವಿನ್ಯಾಸಕಾರರ ಜಾಣ್ಮೆಯೆಲ್ಲ ಖರ್ಚಾಗುತ್ತದೆ. ಎಂಜಿನ್ ಅಡ್ಡಲಾಗಿ ಕೂತ, ಮುಂದಿನ ಚಕ್ರ ತಿರುಗಿಸುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮೂರು ಮೌಂಟಿಂಗ್ ಇರುತ್ತವೆ. ಒಂದು ಎಂಜಿನ್ ಬದಿಗೆ, ಇನ್ನೊಂದು ಗೇರ್ ಬಾಕ್ಸ್ ಬದಿಗೆ. ಇವೆರಡು ಭಾರ ಹೊರುತ್ತವೆ. ಮೂರನೆಯದು ಕೆಳಗೆ, ಎರಡು ತುದಿಗೂ ಬುಷ್ ಇರುವ ಗಿಡ್ಡ ಸಲಾಕೆ. ಅದಕ್ಕೆ ಭಾರದ ಚಿಂತೆಯಿಲ್ಲ, ಎಂಜಿನ್ ಹಿಂದೆ ಮುಂದೆ ಉರುಳದಂತೆ ಹಿಡಿದುಕೊಳ್ಳುವುದಷ್ಟೇ ಕೆಲಸ. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಹೆಗಲು ಜಾರಿಸಿದರೆ ಉಳಿದವರ ಗತಿ ಏನೋ, ಒಂದು ಮೌಂಟಿಂಗ್ ಕುಸಿದಾಗ ಉಳಿದ ಎರಡರದ್ದೂ ಅದೇ ಗತಿ.

"ಈ ತೂಗಾಟ ಫಸ್ಟ್ ಗೇರಿನಲ್ಲೂ ರಿವರ್ಸಿನಲ್ಲೂ ಯಾಕೆ ಜಾಸ್ತಿ?" ಶಿಕ್ಷಕಿ ಕೇಳಿದರು. ಕೇಳುತ್ತಲೇ ಉತ್ತರವನ್ನೂ ತಾವೇ ಕಟ್ಟತೊಡಗಿದರು. "ಗೇರ್ ಬಾಕ್ಸಿನಲ್ಲಿ ತಿರುಗುಬಲ ಹೆಚ್ಚಾಗುತ್ತೆ. ಫಸ್ಟ್ ಗೇರಿನಲ್ಲಿ ಆಕ್ಸಲ್ಲಿಗೆ ಸೇರುವಷ್ಟರಲ್ಲಿ ಹತ್ತು, ಹನ್ನೆರಡು ಪಟ್ಟು ಆಗಿರುತ್ತೆ. ನ್ಯೂಟನ್ನಿನ ಮೂರನೇ ನಿಯಮದ ಪ್ರಕಾರ ಅಷ್ಟೇ ಬಲ ಎಂಜಿನ್ನನ್ನ ಉಲ್ಟಾ ದಿಕ್ಕಿಗೆ ತಿರುಚಬೇಕು. ಅದನ್ನ ತಡೆಯೋರು ಈ ಮೌಂಟಿಂಗ್‌ಗಳು ಮಾತ್ರ!"

"ಸರಿಯಾಗಿ ಹೇಳಿದ್ರಿ. ಬನ್ನಿ, ಕಣ್ಣಿಂದಲೇ ನೋಡಿ."

ಗ್ಯಾರೇಜಿಗೆ ಮರಳಿ ಬಾನೆಟ್ ಎತ್ತಿದರು. ಮುಂದಿನ ಪರೀಕ್ಷೆ ಸುಲಭದ್ದು, ಆದರೆ ಎಚ್ಚರ ತಪ್ಪಿದರೆ ಅಪಾಯದ್ದು. ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಟ್ಟಿಗೆ ಕೊಟ್ಟರು. ಹ್ಯಾಂಡ್‌ಬ್ರೇಕ್ ಎಳೆಸಿದರು. ಗ್ಯಾರೇಜಿನ ಹುಡುಗನನ್ನು ಸ್ಟೀರಿಂಗಿನಲ್ಲಿ ಕೂರಿಸಿ, ಕಾರಿನ ಮುಂದೆ ಹಿಂದೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು, ಶಿಕ್ಷಕಿಯನ್ನು ತಮ್ಮ ಜೊತೆ ಮಡ್‌ಗಾರ್ಡ್ ಪಕ್ಕಕ್ಕೆ ಕರೆದರು. "ಬ್ರೇಕ್ ಬಿಡಬೇಡ. ಫಸ್ಟ್ ಹಾಕು. ಹಾಫ್ ಕ್ಲಚ್ ವರೆಗೆ ಮಾತ್ರ ಬಾ. ಒಂದೇ ಕ್ಷಣ."

ಎಂಜಿನ್ ತಲೆ ಡ್ಯಾಶ್‌ಬೋರ್ಡ್ ಕಡೆಗೆ ವಾಲಿತು, ರೇಡಿಯೇಟರ್ ಕಡೆಯ ಮೈ ಮೇಲೆದ್ದಿತು. ಕ್ಲಚ್ ಒತ್ತಿದೊಡನೆ ಡಬ್ ಎಂದು ವಾಪಸ್ ಕೂತಿತು. ರಿವರ್ಸ್ ಹಾಕಿಸಿದಾಗ ಅದೇ ಎಂಜಿನ್ ರೇಡಿಯೇಟರ್ ಕಡೆಗೆ ಬಾಗಿತು. ಸ್ವಲ್ಪ ಅಲ್ಲಾಡುವುದು ಸಹಜ. ಇಲ್ಲಿ ಎಂಜಿನ್ ಎರಡು ಬೆರಳಗಲ ಎದ್ದು ಬೀಳುತ್ತಿತ್ತು. ರೇಡಿಯೇಟರಿನ ಮೇಲಿನ ಹೋಸ್ ಪೈಪು ಪ್ರತಿಸಲವೂ ಹಿಗ್ಗಿ ಕುಗ್ಗುವುದು ಕಾಣಿಸುತ್ತಿತ್ತು.

ಆಟೋಮ್ಯಾಟಿಕ್ ಕಾರಾದರೆ ಇದೇ ಪರೀಕ್ಷೆಯನ್ನು ಬ್ರೇಕ್ ಒತ್ತಿ ಹಿಡಿದು ಡ್ರೈವಿಗೆ ಒಮ್ಮೆ, ರಿವರ್ಸಿಗೆ ಒಮ್ಮೆ ಹಾಕಿ ಮಾಡಬಹುದು. ಅಲ್ಲಿ ಬಾನೆಟ್ ಎತ್ತದೆಯೂ ಸುಳಿವು ಸಿಗುತ್ತದೆ. ಸಿಗ್ನಲ್ಲಿನಲ್ಲಿ ಡ್ರೈವಿನಲ್ಲಿ ನಿಂತಾಗ ಸೀಟು ನಡುಗಿ, ನ್ಯೂಟ್ರಲ್ಲಿಗೆ ತಂದ ಕೂಡಲೇ ಹಗುರಾದರೆ ಮೊದಲು ನೋಡಬೇಕಾದದ್ದು ಮೌಂಟಿಂಗನ್ನೇ.

"ಹಾಗಾದ್ರೆ ಬಿಚ್ಚೋಣವಾ?"

"ಇನ್ನೊಂದು ನೋಡಬೇಕು. ಎಂಜಿನ್ನೇ ಸರಿಯಾಗಿ ಉರೀತಿಲ್ಲ ಅಂದ್ರೆ ಮೌಂಟಿಂಗ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಒಂದು ಇಂಜೆಕ್ಟರ್ ಸೊರಗಿದ್ರೂ ಗಾಡಿ ನಡುಗುತ್ತೆ. ಜನ ಇದನ್ನ ಅದು ಅಂದ್ಕೊಳ್ತಾರೆ, ಅದನ್ನ ಇದು ಅಂದ್ಕೊಳ್ತಾರೆ."

ಹುಡುಗ ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ. ಅಷ್ಟರಲ್ಲಿ ಶಿಕ್ಷಕಿ ತಮ್ಮ ಫೋನನ್ನು ಸೀಟಿನ ಕಬ್ಬಿಣದ ಹಳಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು ಒಂದು ಆ್ಯಪ್ ತೆರೆದರು. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಭೌತಶಾಸ್ತ್ರದ ವಿದ್ಯಾರ್ಥಿಗಳಿಗಾಗಿ 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್. ಹಣ ಕೊಡಬೇಕಿಲ್ಲ. ಪರದೆ ಅಡ್ಡ ಮಾಡಿದಾಗ ಚಿತ್ರ ತಿರುಗಿಸಲು ಫೋನಿನೊಳಗೆ ಇರುವ ಆಕ್ಸಿಲರೋಮೀಟರನ್ನು ಅದು ನಡುಕ ಅಳೆಯಲು ಬಳಸಿಕೊಳ್ಳುತ್ತದೆ, ಯಾವ ಆವೃತ್ತಿಯಲ್ಲಿ ಎಷ್ಟು ನಡುಕ ಎಂದು ಗೆರೆ ಎಳೆದು ತೋರಿಸುತ್ತದೆ. ಶಾಲೆಯಲ್ಲಿ ಲೋಲಕದ ಪ್ರಯೋಗಕ್ಕೆ ಅವರು ಬಳಸುವುದೂ ಇದನ್ನೇ.

"27ರ ಹತ್ರ ದೊಡ್ಡ ಶಿಖರ ಇದೆ, ನೋಡಿ," ಅವರು ಫೋನ್ ತೋರಿಸಿದರು. "ನಾಲ್ಕೂ ಸಿಲಿಂಡರಿನ ಉರಿ ಅದು. ಒಂದು ಸಿಲಿಂಡರ್ ಮಾತ್ರ ಸೊರಗಿದ್ರೆ ಅದರ ಪೆಟ್ಟು ಎರಡು ಸುತ್ತಿಗೆ ಒಂದು ಸಲ ತಪ್ಪಬೇಕು. ಅಂದ್ರೆ 6.7ರ ಆಸುಪಾಸಿನಲ್ಲಿ ಇನ್ನೊಂದು ಶಿಖರ ಏಳಬೇಕು. ಅಲ್ಲಿ ಏನೂ ಇಲ್ಲ."

ಸ್ಕ್ಯಾನರ್ ಕೂಡ ನಾಲ್ಕು ಇಂಜೆಕ್ಟರುಗಳ ಕರೆಕ್ಷನ್ ಸಂಖ್ಯೆಗಳು ಒಂದಕ್ಕೊಂದು ಹತ್ತಿರವೇ ಇವೆ ಎಂದು ತೋರಿಸಿತು. ಮೆಕ್ಯಾನಿಕ್ ಫೋನಿನ ಪರದೆಯನ್ನೂ ಸ್ಕ್ಯಾನರಿನ ಪರದೆಯನ್ನೂ ಪಕ್ಕಪಕ್ಕ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಇದು ಬಹಳ ಒಳ್ಳೇದು ಮೇಡಂ. ಹುಡುಗನಿಗೂ ಹಾಕಿಕೊಡಿ."

ಎಂಜಿನ್ ಉರಿಯುತ್ತಿದ್ದ ರೀತಿಯಲ್ಲಿ ದೋಷವಿರಲಿಲ್ಲ. ಆ ಸಹಜ ನಡುಕ ಒಳಗೆ ದಾಟಿ ಬರುತ್ತಿದ್ದುದೇ ದೋಷ. ರೇಸ್ ಕೊಟ್ಟಾಗ ಅದು ನಿಲ್ಲುತ್ತಿದ್ದುದಕ್ಕೂ ಕೀ ಆಫ್ ಮಾಡಿದಾಗ ಗಾಡಿ ಕೊಡವಿಕೊಳ್ಳುತ್ತಿದ್ದುದಕ್ಕೂ ಕಾರಣ ಒಂದೇ. ರಬ್ಬರ್ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಒಂದು ಸಹಜ ಆವೃತ್ತಿ ಇರುತ್ತದೆ, ಸೆಕೆಂಡಿಗೆ ಸುಮಾರು 10ರ ಆಸುಪಾಸು. ಉರಿಯ ಪೆಟ್ಟು ಅದಕ್ಕಿಂತ ತುಂಬಾ ಮೇಲಿದ್ದಾಗ ರಬ್ಬರ್ ಅದನ್ನು ನುಂಗಿಕೊಳ್ಳುತ್ತದೆ. ಕೀ ತಿರುಗಿಸಿದಾಗ ಎಂಜಿನ್ ವೇಗ ಸೊನ್ನೆಗೆ ಇಳಿಯುವ ದಾರಿಯಲ್ಲಿ ಆ ಸಹಜ ಆವೃತ್ತಿಯನ್ನು ಹಾದೇ ಹೋಗಬೇಕು. ಅಲ್ಲಿ ಅನುನಾದ ಹುಟ್ಟುತ್ತದೆ. ಆರೋಗ್ಯವಾಗಿರುವ ಮೌಂಟಿಂಗ್ ಆ ಕುಲುಕಾಟವನ್ನು ಹಿಡಿದು ತಣಿಸುತ್ತದೆ. ಹರಿದದ್ದಕ್ಕೆ ಆ ಶಕ್ತಿ ಇರುವುದಿಲ್ಲ. ಪೂರ್ತಿ ಕುಸಿದರೆ ಲೋಹಕ್ಕೆ ಲೋಹ ತಾಗಿ ನಡುಕಕ್ಕೆ ನೇರ ಸೇತುವೆಯೇ ಸಿಕ್ಕಿಬಿಡುತ್ತದೆ.

ಎಂಜಿನ್ ಕೆಳಗೆ ಜಾಕಿ ಇಟ್ಟರು. ಆಯಿಲ್ ಸಂಪಿನ ತಗಡು ನಜ್ಜದಂತೆ ನಡುವೆ ಮರದ ಹಲಗೆ. ಎಂಜಿನ್ನಿನ ಭಾರ ಜಾಕಿಯ ಮೇಲೆ ಬಂದಷ್ಟಕ್ಕೇ ಬಲಗಡೆ ಮೌಂಟಿಂಗಿನ ರಬ್ಬರಿಗೂ ಲೋಹಕ್ಕೂ ನಡುವೆ ಬಿರುಕು ಬಾಯಿ ಬಿಟ್ಟಿತು. ಟಾರ್ಚ್ ಹಿಡಿದಾಗ ಆಚೆಗಿನ ಬೆಳಕು ಕಾಣಿಸಿತು.

ಬಿಚ್ಚಿ ಕೈಗೆ ಬಂದ ಮೌಂಟಿಂಗ್ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಹೊರಗಿನ ಅಲ್ಯೂಮಿನಿಯಂ ಬಳೆ ಗಟ್ಟಿಮುಟ್ಟಾಗಿತ್ತು. ಒಳಗಿನ ರಬ್ಬರ್ ಒಂದು ಮಗ್ಗುಲಿಗೆ ಕುಸಿದು, ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಾಗಿ, ಒಂದು ಕಡೆ ಪೂರ್ತಿ ಸೀಳಿತ್ತು. ಬುಡದಲ್ಲಿ ಕಪ್ಪು ದ್ರವ ಸೋರಿ, ಧೂಳು ಹಿಡಿದು, ಒಣಗಿದ ಕಲೆ. ಮೇಲ್ಭಾಗದ ರಬ್ಬರನ್ನು ಶಿಕ್ಷಕಿ ಹೆಬ್ಬೆರಳಿನಿಂದ ಒತ್ತಿದರು. ಉಬ್ಬಿ ಮೆತ್ತಗಾಗಿದ್ದ ರಬ್ಬರಿನಲ್ಲಿ ಉಗುರು ಇಳಿಯಿತು, ಇಳಿದ ಗುರುತು ಹಾಗೆಯೇ ಉಳಿಯಿತು.

"ಈ ಸೋರಿರೋದು ಎಂಜಿನ್ ಆಯಿಲ್ಲಾ?"

"ಕೆಳಗಿನದ್ದು ಅಲ್ಲ. ಇದು ಹೈಡ್ರಾಲಿಕ್ ಮೌಂಟಿಂಗ್. ಒಳಗೆ ಎರಡು ಕೋಣೆ, ನಡುವೆ ಸಣ್ಣ ದಾರಿ, ಗ್ಲೈಕಾಲ್ ಬೆರೆಸಿದ ದ್ರವ ಇರುತ್ತೆ. ಎಂಜಿನ್ ಜೋರಾಗಿ ಕುಲುಕಿದ್ರೆ ದ್ರವ ಆ ಕಿರಿದಾದ ದಾರಿಯಲ್ಲಿ ನುಗ್ಗಬೇಕು. ನುಗ್ಗುವಾಗ ಕುಲುಕಾಟ ಕಮ್ಮಿ ಆಗುತ್ತೆ. ಅದು ಸೋರಿ ಹೋಯ್ತು ಅಂದ್ರೆ ಬರೀ ರಬ್ಬರ್ ಉಳಿಯುತ್ತೆ. ಮೇಲ್ಗಡೆ ಮೆತ್ತಗಾಗಿದೆಯಲ್ಲ, ಅದಕ್ಕೆ ಕಾರಣ ಬೇರೆ." ಅವರು ಎಂಜಿನ್ನಿನ ಮೇಲ್ಭಾಗಕ್ಕೆ ಟಾರ್ಚ್ ಹಿಡಿದರು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಂಚಿನಿಂದ ಆಯಿಲ್ ಜಿನುಗಿ, ಸಣ್ಣ ಗೆರೆಯಾಗಿ ಇಳಿದು, ಮೌಂಟಿಂಗ್ ಕೂರುವ ಜಾಗಕ್ಕೇ ಬಂದು ನಿಂತಿತ್ತು. "ಮೊದಲು ಈ ಪ್ಯಾಕಿಂಗ್. ಇದನ್ನ ಬಿಟ್ಟು ಬರೀ ಮೌಂಟಿಂಗ್ ಹಾಕಿದ್ರೆ ಹೊಸದೂ ಹೀಗೇ ಉಬ್ಬುತ್ತೆ."

ರಬ್ಬರಿನ ವಿಷಯ ಬಂದಾಗ ಶಿಕ್ಷಕಿಯ ಮಾತು ಊರಿನ ಕಡೆಗೆ ಹೊರಳಿತು. ಅವರ ತವರು ಸುಳ್ಯ. ಅಲ್ಲಿ ಮರದ ತೊಗಟೆ ಗೀರಿ ಇಳಿಸಿದ ಹಾಲಿಗೆ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸುವುದು, ಹಾಳೆ ಒತ್ತಿ ಹೊಗೆಗೂಡಿನಲ್ಲಿ ಒಣಗಿಸುವುದು ಅವರು ಬಾಲ್ಯದಿಂದ ಕಂಡದ್ದು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಆ ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ಬದುಕು ಕಟ್ಟಿಕೊಂಡವು. "ಹಸಿ ರಬ್ಬರ್ ಸೆಕೆಗೆ ಅಂಟಂಟಾಗುತ್ತೆ, ಚಳಿಗೆ ಬಿರುಸಾಗುತ್ತೆ. ಗಂಧಕ ಹಾಕಿ ಕಾಯಿಸಿದ್ರೆ ಹದಕ್ಕೆ ಬರುತ್ತೆ ಅಂತ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಆದರೂ ಪೆಟ್ರೋಲಿಯಂ ಎಣ್ಣೆಗೆ ನೈಸರ್ಗಿಕ ರಬ್ಬರ್ ಉಬ್ಬೋದು ತಪ್ಪಲ್ಲ. ಎಣ್ಣೆ ತಡೆಯೋ ನೈಟ್ರೈಲ್ ರಬ್ಬರ್ ಇದೆಯಲ್ಲ, ಅದರಲ್ಲೇ ಮೌಂಟಿಂಗ್ ಮಾಡಬಹುದಿತ್ತಲ್ವಾ?"

ಉತ್ತರ ರಬ್ಬರಿನ ಗುಣದಲ್ಲೇ ಇದೆ. ಲಕ್ಷಾಂತರ ಸಲ ಹಿಗ್ಗಿ ಕುಗ್ಗಿದರೂ ಬೇಗ ಹರಿಯದ, ಭಾರ ಹೊತ್ತು ನಿಂತಲ್ಲೇ ಬೇಗ ಕುಸಿಯದ, ನಡುಕವನ್ನು ಚೆನ್ನಾಗಿ ತಡೆಯುವ ಗುಣಗಳು ನೈಸರ್ಗಿಕ ರಬ್ಬರಿನಲ್ಲಿ ಒಟ್ಟಿಗೆ ಸಿಗುತ್ತವೆ. ಎಣ್ಣೆಗೆ ಮತ್ತು ಬಿಸಿಗೆ ಸೋಲುವುದು ಅದಕ್ಕೆ ತೆರಬೇಕಾದ ಬೆಲೆ. ಬಾನೆಟ್ ಕೆಳಗಿನ ಶಾಖ, ಗಾಳಿಯಲ್ಲಿನ ಓಝೋನ್, ಮೇಲಿಂದ ತೊಟ್ಟಿಕ್ಕುವ ಆಯಿಲ್ ಸೇರಿ ಅದರ ಆಯಸ್ಸು ತೀರ್ಮಾನಿಸುತ್ತವೆ.

ಎಂಜಿನ್ನನ್ನು ರಬ್ಬರ್ ಮೇಲೆ ತೇಲಿಸಬೇಕೆಂಬ ವಿಚಾರಕ್ಕೆ ದೊಡ್ಡ ಗೆಲುವು ಸಿಕ್ಕಿದ್ದು 1931ರಲ್ಲಿ. ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ "ಫ್ಲೋಟಿಂಗ್ ಪವರ್" ಎಂಬ ವ್ಯವಸ್ಥೆ ತಂದಿತು. ಎಂಜಿನ್ ತನ್ನ ತೂಕದ ನಡುಗೆರೆಯ ಸುತ್ತ ತೂಗುವಂತೆ ರಬ್ಬರ್ ಮೌಂಟಿಂಗ್‌ಗಳನ್ನು ಕೂರಿಸಿದ್ದೇ ಅದರ ಸತ್ವ. ಕಡಿಮೆ ಬೆಲೆಯ ನಾಲ್ಕು ಸಿಲಿಂಡರಿನ ಕಾರು ದುಬಾರಿ ಕಾರುಗಳಷ್ಟು ನಯವಾಗಿ ಓಡಿತು. ಫ್ರಾನ್ಸಿನ ಸಿಟ್ರೊಯೆನ್ ಆ ತಂತ್ರದ ಹಕ್ಕು ಪಡೆದು 1932ರಲ್ಲಿ ತನ್ನ ಕಾರುಗಳಿಗೆ ಅಳವಡಿಸಿತು, ನೀರಿನ ಮೇಲೆ ತೇಲುವ ಹಂಸವೊಂದನ್ನು ಲಾಂಛನ ಮಾಡಿ ಪ್ರಚಾರ ನಡೆಸಿತು. ಇವತ್ತು ರಸ್ತೆಯಲ್ಲಿರುವ ಸಾಮಾನ್ಯ ಕಾರುಗಳ ಮೌಂಟಿಂಗ್‌ಗಳೆಲ್ಲ ಆ ವಿಚಾರದ ಸಂತಾನ ಎನ್ನಬಹುದು.

"ಗಟ್ಟಿ ಪಾಲಿಯೂರಿಥೇನಿನದ್ದು ಸಿಗುತ್ತಂತಲ್ಲ, ಬಹಳ ವರ್ಷ ಬಾಳುತ್ತೆ ಅಂತಾರೆ?"

"ರೇಸ್ ಗಾಡಿಗೆ ಸರಿ. ಎಂಜಿನ್ ಅಲ್ಲಾಡೋದು ನಿಲ್ಲುತ್ತೆ, ನಡುಕ ಪೂರ್ತಿ ನಿಮ್ಮ ಸೀಟಿಗೆ ಬರುತ್ತೆ. ಮೂರು ಸಿಲಿಂಡರಿನ ಗಾಡಿಗಂತೂ ಬೇಡವೇ ಬೇಡ. ಅವು ಹುಟ್ಟಿನಿಂದಲೇ ಸ್ವಲ್ಪ ತೊನೆದಾಡ್ತವೆ."

ಈ ಮಾತನ್ನು ಕಾರು ಕೊಳ್ಳುವವರು ನೆನಪಿಡುವುದು ಒಳ್ಳೆಯದು. ಮೂರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಒಂದೂವರೆ ಸಲ ಮಾತ್ರ ಉರಿಯುತ್ತದೆ. 800 ಸುತ್ತಿನಲ್ಲಿ ಅದು ಸೆಕೆಂಡಿಗೆ 20, ಎಂದರೆ ಮೌಂಟಿಂಗಿನ ಸಹಜ ಆವೃತ್ತಿಗೆ ಇನ್ನಷ್ಟು ಹತ್ತಿರ. ಜೊತೆಗೆ ಆ ವಿನ್ಯಾಸಕ್ಕೆ ತುದಿಯಿಂದ ತುದಿಗೆ ತೂಗುವ ಸ್ವಭಾವವಿದೆ. 1983ರಲ್ಲಿ ಬಂದ ಮಾರುತಿ 800 ಮೂರು ಸಿಲಿಂಡರಿನದ್ದು. 2024ರ ಹೊಸ ಸ್ವಿಫ್ಟ್ ಕೂಡ ನಾಲ್ಕರಿಂದ ಮೂರಕ್ಕೆ ಇಳಿದಿದೆ. ನಾಲ್ಕು ಸಿಲಿಂಡರ್ ಓಡಿಸಿ ಅಭ್ಯಾಸವಾದವರು ಹೊಸ ಗಾಡಿಯ ಐಡ್ಲಿಂಗ್ ನಡುಕ ಕಂಡು ಮೌಂಟಿಂಗ್ ಹೋಗಿದೆ ಎಂದು ಗಾಬರಿಯಾಗುವುದುಂಟು. ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಐದು ನಿಮಿಷ ಕೂತು ನೋಡುವುದೇ ಇದಕ್ಕೆ ಸರಿಯಾದ ಪರೀಕ್ಷೆ.

ಗೇರ್ ಬಾಕ್ಸ್ ಬದಿಯ ಮೌಂಟಿಂಗ್ ಪರೀಕ್ಷಿಸಿದರು. ಗಟ್ಟಿಯಾಗಿತ್ತು, ಹಾಗೇ ಬಿಟ್ಟರು. ಕೆಳಗಿನ ಸಲಾಕೆಯ ದೊಡ್ಡ ಬುಷ್ ಸೀಳಿತ್ತು. ಅದೂ ಹೊಸದಾಗಬೇಕು. ಬಲಗಡೆಯದು ಕುಸಿದ ಮೇಲೆ ಎಳೆದಾಟವೆಲ್ಲ ಇದರ ಮೇಲೆ ಬಿದ್ದಿತ್ತು. ಸೈಲೆನ್ಸರಿನ ಮುಂಭಾಗದಲ್ಲಿ ಜಾಲರಿ ಹೊದ್ದಿರುವ ಬಾಗುವ ಪೈಪನ್ನು ಕೂಡ ಮೆಕ್ಯಾನಿಕ್ ಬೆರಳಾಡಿಸಿ ನೋಡಿದರು. ಎಂಜಿನ್ ಅಳತೆ ಮೀರಿ ತೂಗಿದರೆ ಮೊದಲು ಬಿರಿಯುವ ಭಾಗಗಳಲ್ಲಿ ಅದೂ ಒಂದು. ಬಿರಿದರೆ ಫಟಫಟ ಎನ್ನುವ ಇನ್ನೊಂದು ಸದ್ದು ಹುಟ್ಟುತ್ತದೆ, ಅದಕ್ಕೆ ಸೈಲೆನ್ಸರ್ ಕೆಟ್ಟಿದೆ ಎಂಬ ಹೊಸ ಬಿಲ್ಲು. ಇಲ್ಲಿ ಅದೃಷ್ಟಕ್ಕೆ ಪೈಪು ಚೆನ್ನಾಗಿತ್ತು.

ಸ್ವತಃ ಮೌಂಟಿಂಗ್ ಸದ್ದು ಮಾಡುವುದು ಕಡಿಮೆ. ಅದು ಕೆಟ್ಟಾಗ ಬೇರೆಯವು ಸದ್ದು ಮಾಡುತ್ತವೆ. ಡ್ಯಾಶ್‌ಬೋರ್ಡ್ ಕಟಕಟ ಅನ್ನುತ್ತದೆ, ಸೈಲೆನ್ಸರ್ ತಳಕ್ಕೆ ಬಡಿಯುತ್ತದೆ, ಹಂಪ್ ಹಾರಿದಾಗ ಎಂಜಿನ್ನೇ ಎದ್ದು ಬೀಳುತ್ತದೆ. ಈ ಕಾರಿನ ಹೊಸ ಲಿಂಕ್ ರಾಡ್, ಹೊಸ ಬುಷ್, ಹೊಸ ಶಾಕ್‌ಅಬ್ಸಾರ್ಬರ್ ಎಲ್ಲ ಆ ಎದ್ದು ಬೀಳುವ ಸದ್ದಿಗೆ ತೆತ್ತ ಹಣ.

ಪ್ಯಾಕಿಂಗ್ ಬದಲಾಯಿತು, ಹೊಸ ಮೌಂಟಿಂಗ್ ಕೂತಿತು. ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಬಿಟ್ಟರು. ಜಾಕಿ ಇಳಿಸಿ, ಎಂಜಿನ್ ತನ್ನ ಭಾರಕ್ಕೆ ತಾನೇ ಸರಿಯಾಗಿ ಕೂರುವಂತೆ ಒಂದೆರಡು ಸಲ ಅಲುಗಿಸಿದರು. ಆಮೇಲೆಯೇ ಟಾರ್ಕ್ ರೆಂಚ್ ಹಿಡಿದದ್ದು.

"ಈ ಅಲುಗಿಸೋದು ಯಾಕೆ?"

"ಎಂಜಿನ್ ಜಾಕಿ ಮೇಲಿದ್ದಾಗಲೇ ಬಿಗಿ ಮಾಡಿದ್ರೆ ರಬ್ಬರ್ ತಿರುಚಿಕೊಂಡೇ ಕೂರುತ್ತೆ. ಹೊಸ ಮೌಂಟಿಂಗ್ ಹಾಕಿದ ಮೇಲೂ ನಡುಕ ಹೋಗ್ಲಿಲ್ಲ ಅಂತ ಬರೋರು ಇದ್ದಾರೆ. ಬೋಲ್ಟ್ ಸಡಿಲ ಮಾಡಿ ಮತ್ತೆ ಸರಿಯಾಗಿ ಬಿಗಿ ಮಾಡಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ."

ಶಿಕ್ಷಕಿ ಫೋನನ್ನು ಮತ್ತೆ ಅದೇ ಹಳಿಗೆ ಕಟ್ಟಿದರು. 27ರ ಶಿಖರ ಇದ್ದಲ್ಲೇ ಇತ್ತು. ಎತ್ತರ ಮಾತ್ರ ಗುರುತು ಸಿಗದಷ್ಟು ಇಳಿದಿತ್ತು. ಎಸಿ ಹಾಕಿದರು, ಡ್ಯಾಶ್‌ಬೋರ್ಡ್ ಸುಮ್ಮನಿತ್ತು. ಹಾಫ್ ಕ್ಲಚ್ಚಿನ ಪರೀಕ್ಷೆಯಲ್ಲಿ ಎಂಜಿನ್ ತುಸು ಬಾಗಿ ಮೆಲ್ಲಗೆ ವಾಪಸಾಯಿತು. ಹೋಸ್ ಪೈಪು ಅಲುಗಲಿಲ್ಲ.

ಆದರೆ ಅವರು ಮೆಲ್ಲಗೆ ರೇಸ್ ಏರಿಸುತ್ತಾ ಹೋದಾಗ ಟ್ಯಾಕೋಮೀಟರ್ 1,600 ಮುಟ್ಟಿದ ಕಡೆ ತೆಳ್ಳನೆಯ ಝಿಣಝಿಣ ಸದ್ದು ಬಂತು. 1,800 ದಾಟಿದ ಮೇಲೆ ಇಲ್ಲ. "ಇದು ಮೊದಲು ಇರಲಿಲ್ಲ ಅಣ್ಣ!"

"ಇತ್ತು. ದೊಡ್ಡ ಸದ್ದಿನ ಕೆಳಗೆ ಕೇಳಿಸ್ತಿರಲಿಲ್ಲ. ಈಗ ನೀವೇ ಹೇಳಿ, ಎಂಥದ್ದಿರಬಹುದು?"

ಅವರು ಯೋಚಿಸಿದರು. "ಗಾಡಿ ನಿಂತಿದೆ, ಹಾಗಾಗಿ ಚಕ್ರದ್ದಲ್ಲ. ಎಂಜಿನ್ ವೇಗದ ಜೊತೆ ಏರ್ತಾ ಹೋಗ್ಲಿಲ್ಲ, ಒಂದೇ ಕಡೆ ಬಂದು ಹೋಯ್ತು. ಬೇರಿಂಗಾದ್ರೆ ಹೀಗೆ ನಿಲ್ತಿರಲಿಲ್ಲ. ತೆಳುವಾದ ತಗಡು ಏನೋ ಸಡಿಲಾಗಿ ಅದರ ಸಹಜ ಆವೃತ್ತಿಗೆ ತಾಗ್ತಿದೆ."

ಮೆಕ್ಯಾನಿಕ್ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡರು. ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಒಂದೊಂದೇ ಭಾಗಕ್ಕೆ ತಾಗಿಸಿ ಕೇಳುವುದು ಹಳೆಯ ವಿದ್ಯೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಸುತ್ತಿದ ಕಾಗದದ ಕೊಳವೆಯಿಂದ ರೋಗಿಯ ಎದೆಬಡಿತ ಕೇಳಿ ಸ್ಟೆತೊಸ್ಕೋಪಿಗೆ ದಾರಿ ಮಾಡಿದ್ದು ಇದೇ ತತ್ವದ ಮೇಲೆ. ಗ್ಯಾರೇಜಿಗೆಂದೇ ಲೋಹದ ಕಡ್ಡಿ ಜೋಡಿಸಿದ ಸ್ಟೆತೊಸ್ಕೋಪ್ ಈಗ ಸಿಗುತ್ತದೆ, ಸ್ಕ್ರೂಡ್ರೈವರಿಗಿಂತ ಅದು ಕ್ಷೇಮ. ತಿರುಗುವ ಬೆಲ್ಟಿನ ಮತ್ತು ಫ್ಯಾನಿನ ಹತ್ತಿರ ತಲೆ ಬಗ್ಗಿಸುವುದು ಯಾರಿಗೂ ತಕ್ಕದ್ದಲ್ಲ. ಹುಡುಗ ರೇಸನ್ನು 1,600ರಲ್ಲಿ ಹಿಡಿದ. ಬೆಲ್ಟಿನಿಂದ ದೂರವಿದ್ದ ಸೈಲೆನ್ಸರ್ ಬುಡದ ಶಾಖ ತಡೆಯುವ ತಗಡಿಗೆ ತುದಿ ತಾಗಿಸುತ್ತಿದ್ದಂತೆಯೇ ಝಿಣಝಿಣ ನಿಂತಿತು. ತೆಗೆದಾಗ ಮತ್ತೆ ಶುರು.

"ಬೋಲ್ಟಿನ ತೂತು ತುಕ್ಕು ಹಿಡಿದು ದೊಡ್ಡದಾಗಿದೆ. ಒಂದು ಸ್ಟೀಲ್ ಕ್ಲಾಂಪ್ ಹಾಕಿದ್ರೆ ಸಾಕು, ಹತ್ತು ನಿಮಿಷದ ಕೆಲಸ. ತಗಡು ಕಿತ್ತು ಬಿಸಾಕೋರೂ ಇದ್ದಾರೆ, ಹಾಗೆ ಮಾಡಬಾರದು. ಅದಿಲ್ಲದಿದ್ರೆ ಶಾಖ ನೇರ ಹತ್ತಿರದ ವೈರು, ರಬ್ಬರಿಗೆ ತಾಗುತ್ತೆ."

ಹುಡುಗ ಎಂಜಿನ್ ಆಫ್ ಮಾಡಿ ಸೈಲೆನ್ಸರ್ ತಣಿಯಲು ಬಿಟ್ಟು ಕ್ಲಾಂಪ್ ಹುಡುಕಲು ಹೋದ. ಶಿಕ್ಷಕಿ ಹಳೆಯ ಮೌಂಟಿಂಗನ್ನು ಶಾಲೆಗೆ ಒಯ್ಯಬಹುದೇ ಎಂದು ಕೇಳಿದರು. ಒಂಬತ್ತನೇ ತರಗತಿಗೆ ನ್ಯೂಟನ್ನಿನ ನಿಯಮ ಪಾಠ ಮಾಡುವಾಗ ತೋರಿಸಬೇಕಂತೆ. ಮೆಕ್ಯಾನಿಕ್ ಅದನ್ನು ಡೀಸೆಲಿನಲ್ಲಿ ತೊಳೆಯಲು ಹೊರಟವರು ತಡೆದು, ಸೋಪಿನ ನೀರಿನಲ್ಲಿ ತೊಳೆದು ಕೊಟ್ಟರು.

"ವಾರ ಬಿಟ್ಟು ಒಂದು ಸಲ ಬನ್ನಿ ಮೇಡಂ, ಬೋಲ್ಟ್ ಬಿಗಿ ನೋಡ್ತೀನಿ. ಆಗುಂಬೆ ಹತ್ತಿ ಇಳಿದು ಬಂದಿದ್ರೆ ಇನ್ನೂ ಒಳ್ಳೇದು. ಆ ತಿರುವುಗಳಲ್ಲಿ ಫಸ್ಟು, ಸೆಕೆಂಡು ಹಾಕ್ತಾನೇ ಇರ್ತೀರಲ್ಲ."

"ಸದ್ದು ಬಂದ್ರೆ ಯಾವ ತಿರುವು, ಯಾವ ಗೇರು, ಎಷ್ಟು ಆರ್‌ಪಿಎಂ ಅಂತ ಬರೆದುಕೊಂಡು ಬರ್ತೀನಿ."

"ಆಕ್ಸಿಲರೇಟರ್ ಒತ್ತಿದಾಗ್ಲೋ, ಬಿಟ್ಟಾಗ್ಲೋ, ಅದನ್ನೂ ಬರೀರಿ. ಓಡಿಸುವಾಗ ಬರೀಬೇಡಿ, ಪಕ್ಕದಲ್ಲಿ ಕೂತೋರ ಕೈಲಿ ಬರೆಸಿ."